ಕಂಡದ್ದನ್ನು ಗಟ್ಟಿಯಾಗಿ ಹೇಳು

ಭದ್ರಾವತಿಯ ಓಲ್ಡ್ ಟೌನ್ ನಮ್ಮೂರು. ಪತ್ರಿಕೆಯವರು ಹಳೇನಗರ ಎಂದು ಬರೆಯುತ್ತಾರೆ, ಆಟೋ ಹತ್ತುವಾಗ ನಾವೆಲ್ಲ ಓಲ್ಡ್ ಟೌನ್ ಅಂತಲೇ ಹೇಳುತ್ತೇವೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಅದರ ಸುತ್ತಿನ ಬೀದಿಗಳು, ಪಕ್ಕದಲ್ಲಿ ಭದ್ರಾ ಹೊಳೆ, ಹೊಳೆಯಾಚೆ ಕಬ್ಬಿಣದ ಕಾರ್ಖಾನೆ. ನಾನು ಹುಟ್ಟಿ ಬೆಳೆದ ಜಗತ್ತು ಇದು. ನಮ್ಮ ಬಾಲ್ಯದಲ್ಲಿ ಹೊತ್ತು ತಿಳಿಯುತ್ತಿದ್ದುದು ಕಾರ್ಖಾನೆಯ ಸೈರನ್ನಿನಿಂದ. ಈಗಿನ ಮಕ್ಕಳು ಇನ್ನೊಂದು ಸದ್ದಿಗೆ ತಲೆಯೆತ್ತಿ ನೋಡುತ್ತಾರೆ. ಶಿವಮೊಗ್ಗಕ್ಕೂ ನಮಗೂ ನಡುವೆ ಇರುವ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟರು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ನಮ್ಮ ಮನೆಯಂಗಳಕ್ಕೆ ಬಂದಷ್ಟು ಹತ್ತಿರವಾಯಿತು.

ಹೀಗೊಂದು ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಎದುರು ಮನೆಯ ಹುಡುಗಿ, ಎರಡನೇ ಪಿಯುಸಿ ವಿಜ್ಞಾನ ಓದುವವಳು, ಆಕಾಶ ನೋಡುತ್ತಾ ಬಂದು ಕೇಳಿದಳು: "ಸರ್, ವಿಮಾನ ಓಡಿಸೋದು ಕಲೀಬೇಕು ಅಂದ್ರೆ ಎಷ್ಟು ದುಡ್ಡು ಬೇಕಾಗುತ್ತೆ?" ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವಳ ತಾಯಿ, "ಏ, ಸುಮ್ನಿರೆ, ಅದೆಲ್ಲ ನಮ್ಮಂಥೋರಿಗಲ್ಲ" ಅಂದರು. ಹುಡುಗಿ ಸುಮ್ಮನಾದಳು. ಅವಳು ಸುಮ್ಮನಾದ ರೀತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಇವತ್ತು ನಾನು ಆಡಲಿರುವ ಮಾತು ಆ ಮಗುವಿಗೂ ಆ ತಾಯಿಗೂ ಕೊಡಬೇಕಾಗಿದ್ದ ಉತ್ತರ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಪೈಲಟ್ ಆಗಿ ಸಂಬಳಕ್ಕೆ ವಿಮಾನ ಓಡಿಸಲು ಬೇಕಾದ ಕಮರ್ಷಿಯಲ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಖಾಸಗಿಯಾಗಿ ಕಲಿಯಲು ಹೋದರೆ ಹತ್ತಾರು ಲಕ್ಷ ರೂಪಾಯಿ ಆಗುತ್ತದೆ. ತಾಯಿ ಹೇಳಿದ್ದು ಆ ಮಟ್ಟಿಗೆ ನಿಜ. ಆದರೆ ವಿಮಾನದ ಹತ್ತಿರ ಹೋಗಲು, ಅದರ ರೆಕ್ಕೆ ಮುಟ್ಟಲು, ಅದು ಯಾಕೆ ಹಾರುತ್ತದೆ ಎಂದು ತಿಳಿಯಲು, ಕಾಲ ಕೂಡಿಬಂದರೆ ಬೋಧಕರ ಪಕ್ಕ ಕೂತು ಹಾರಲು ಒಂದು ಪೈಸೆಯೂ ಬೇಕಾಗದ ದಾರಿ ಈ ದೇಶದಲ್ಲಿದೆ. ಅದರ ಹೆಸರು ಎನ್‌ಸಿಸಿ ಏರ್ ವಿಂಗ್.

ಎನ್‌ಸಿಸಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಖಾಕಿ ಬಟ್ಟೆ, ಭಾರದ ಬೂಟು. ಶಿವಮೊಗ್ಗದಲ್ಲಿ 20ನೇ ಕರ್ನಾಟಕ ಬೆಟಾಲಿಯನ್ ಇದೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಆರ್ಮಿ ವಿಂಗ್‌ನ ಮಕ್ಕಳೇ. ಆದರೆ ಎನ್‌ಸಿಸಿ ಬಾವುಟದಲ್ಲಿ ಮೂರು ಬಣ್ಣಗಳಿವೆ: ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಪಂಡಿತ್ ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನಂತೆ 1948ರಲ್ಲಿ ಎನ್‌ಸಿಸಿ ಕಾಯಿದೆ ಬಂತು, ಮರುವರ್ಷವೇ ಹೆಣ್ಣುಮಕ್ಕಳ ವಿಭಾಗ ಸೇರಿತು. 1950ರ ಏಪ್ರಿಲ್ 1ರಂದು ಮುಂಬೈ ಮತ್ತು ಕಲ್ಕತ್ತಾಗಳಲ್ಲಿ ಒಂದೊಂದು ಸ್ಕ್ವಾಡ್ರನ್‌ನೊಂದಿಗೆ ಏರ್ ವಿಂಗ್ ಆರಂಭವಾಯಿತು. ಬ್ರಿಟನ್ನಿನ ಏರ್ ಟ್ರೇನಿಂಗ್ ಕೋರ್, ಅಮೆರಿಕದ ಸಿವಿಲ್ ಏರ್ ಪ್ಯಾಟ್ರೋಲ್, ಕೆನಡಾದ ಏರ್ ಕೆಡೆಟ್ ಪಡೆ, ಈ ಮೂರೂ ಹುಟ್ಟಿದ್ದು 1941ರಲ್ಲಿ, ಮಹಾಯುದ್ಧದ ನಡುವೆ. ನಮ್ಮದು ಹುಟ್ಟಿದ್ದು ಗಣರಾಜ್ಯವಾದ ವರ್ಷ. ಯುದ್ಧದ ಅವಸರ ತಲೆಯ ಮೇಲಿಲ್ಲದಾಗ, ಬೆಳೆಯುವ ಮಕ್ಕಳಿಗೆಂದು ಕಟ್ಟಿದ್ದು ಅದು. ಈ ವ್ಯತ್ಯಾಸ ಸಣ್ಣದಲ್ಲ ಎಂದು ನನಗೆ ಅನ್ನಿಸುತ್ತದೆ.

1979ರಲ್ಲಿ ನಾನು ಬಿಎಸ್ಸಿ ಓದಲು ಬೆಂಗಳೂರಿಗೆ ಹೋದೆ. ಸೇರಿದ ಕಾಲೇಜಿನಲ್ಲಿ ಏರ್ ವಿಂಗ್ ಇತ್ತು. ಅರ್ಜಿಗೆ ಪೋಷಕರ ಸಹಿ ಬೇಕು ಅಂದರು. ಶನಿವಾರ ರಾತ್ರಿ ರೈಲು ಹತ್ತಿ ಊರಿಗೆ ಬಂದೆ. ಅಪ್ಪ ಕಾರ್ಖಾನೆಯಲ್ಲಿ ಖಲಾಸಿ. ಕ್ರೇನಿನವನಿಗೆ ಕೆಳಗೆ ನಿಂತು ಕೈಸನ್ನೆ ಕೊಡುವುದು ಅವರ ಕೆಲಸ. ಬೆರಳು ಮೇಲೆ ಮಾಡಿದರೆ ಎತ್ತು, ಅಂಗೈ ಕೆಳಗೆ ಮಾಡಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲು. ಅರ್ಜಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಬೀಳೋ ಅಪಾಯ ಇದೆಯೇನೋ?" ಅಂತ ಕೇಳಿದರು. "ಇರಬಹುದು ಅಪ್ಪ" ಅಂದೆ. "ನಮ್ಮ ಶಾಪಿನಲ್ಲೂ ಇದೆ" ಅಂದು ಸಹಿ ಹಾಕಿದರು.

ಏರ್ ವಿಂಗ್ ಸೇರಿದ ಮೊದಲ ತಿಂಗಳುಗಳಲ್ಲಿ ವಿಮಾನ ಕಾಣಲಿಲ್ಲ. ಇದನ್ನು ಇಂದಿನ ಮಕ್ಕಳು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಎರಡನೇ ಪರೇಡಿಗೇ ಬೇಸರ ಬರುತ್ತದೆ. ಸಾವಧಾನ್, ವಿಶ್ರಾಮ್, ತೇಜ್ ಚಲ್, ಥಮ್. ಬೆಳಗಿನ ಚಳಿಯಲ್ಲಿ ಮೈದಾನದ ಸುತ್ತ ಓಟ. ಬೂಟಿಗೆ ಪಾಲಿಶ್, ಬೆಲ್ಟಿನ ಹಿತ್ತಾಳೆಗೆ ಬ್ರಾಸೋ. ವಾಯುಪಡೆಯಿಂದ ಬಂದ ಬೋಧಕರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಗಾಗಿಯೇ ಬರುವ ಹುಡುಗರೂ ಇದ್ದರು, ಹಾಸ್ಟೆಲಿನ ಹೊಟ್ಟೆಗೆ ಅದೊಂದು ದೊಡ್ಡ ಆಸರೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆಮೇಲೆ ತರಗತಿ. ಹಾರಾಟದ ತತ್ವ, ಹವಾಮಾನ, ದಿಕ್ಕು ಹಿಡಿಯುವ ವಿದ್ಯೆ, ಎಂಜಿನ್ನು, ವಿಮಾನದೊಳಗಿನ ಅಳತೆಯ ಉಪಕರಣಗಳು. ಬಿಎಸ್ಸಿಯಲ್ಲಿ ಸೂತ್ರವಾಗಿ ಬಾಯಿಪಾಠ ಮಾಡಿದ್ದು ಇಲ್ಲಿ ಕೈಗೆ ಸಿಕ್ಕಿತು. ಒಂದು ಹಾಳೆಯ ಅಂಚನ್ನು ತುಟಿಗೆ ಹಿಡಿದು ಅದರ ಮೇಲ್ಮೈ ಮೇಲೆ ಊದಿ ನೋಡಿ. ಬಾಗಿ ಇಳಿಬಿದ್ದ ಹಾಳೆ ಮೇಲೇಳುತ್ತದೆ. ನಾನು ಮುಂದೆ ಭೌತಶಾಸ್ತ್ರದ ಅಧ್ಯಾಪಕನಾಗಿ ನಮ್ಮ ಜಿಲ್ಲೆಯಲ್ಲಿ ಪಾಠ ಮಾಡಿದ ಅಷ್ಟೂ ವರ್ಷ, ಮೊದಲ ವಾರದಲ್ಲಿ ಮಕ್ಕಳ ಕೈಗೆ ಹಾಳೆ ಕೊಟ್ಟು ಊದಿಸಿದ್ದೇನೆ. ಹಾಳೆ ಎದ್ದಾಗ ಹಿಂದಿನ ಬೆಂಚಿನವರ ಮುಖವೂ ಎದ್ದೇಳುತ್ತದೆ. ಹವಾಮಾನದ ಪಾಠವಂತೂ ಮಲೆನಾಡಿನವರಿಗೆ ಮನೆಯ ಪಾಠ. ಮೋಡ ಎಷ್ಟು ಕೆಳಗಿದೆ, ಎಷ್ಟು ದೂರದ ಗುಡ್ಡ ಕಾಣುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನಮ್ಮ ರೈತರು ದಿನಾ ನೋಡುವುದನ್ನೇ ವಿಮಾನದವರು ಅಂಕಿಗಳಲ್ಲಿ ಬರೆಯುತ್ತಾರೆ. ಆಷಾಢದ ಮಳೆಯಲ್ಲಿ ಸೋಗಾನೆಗೆ ಬರಬೇಕಾದ ವಿಮಾನ ಯಾಕೆ ತಡವಾಯಿತು ಎಂದು ಏರ್ ವಿಂಗ್ ಕೆಡೆಟ್ ಮನೆಯವರಿಗೆ ಬಿಡಿಸಿ ಹೇಳಬಲ್ಲ.

ಅಲ್ಲಿಂದ ಮುಂದೆ ಏರೋಮಾಡೆಲಿಂಗ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ಜೀವನದಲ್ಲಿ ಕಲಿತ ಬಹು ಮುಖ್ಯ ಪಾಠ ಅಲ್ಲಿಯದು. ಬಾಲ್ಸಾ ಎಂಬ ಹಗುರ ಮರದ ತೆಳುಪಟ್ಟಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಅಂಟು ಹಾಕಿ ರೆಕ್ಕೆಯ ಅಸ್ಥಿಪಂಜರ ಕಟ್ಟಬೇಕು. ಮೇಲೆ ತೆಳುಕಾಗದ ಹೊದಿಸಿ ಡೋಪ್ ಎಂಬ ದ್ರವ ಬಳಿದರೆ ಅದು ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ. ಮೂತಿಗೆ ಪುಟ್ಟ ಎಂಜಿನ್. ಎರಡು ಸಣ್ಣ ತಂತಿಗಳನ್ನು ಹಿಡಿಕೆಗೆ ಕಟ್ಟಿ, ಒಬ್ಬ ನಡುವೆ ನಿಂತು ತಿರುಗುತ್ತಿದ್ದರೆ ಮಾದರಿ ವಿಮಾನ ಅವನ ಸುತ್ತ ಭರ್‍ರೆಂದು ಹಾರುತ್ತದೆ. ಕಂಟ್ರೋಲ್ ಲೈನ್ ಮಾದರಿ ಅನ್ನುತ್ತಾರೆ ಇದಕ್ಕೆ. ಒಂದು ಸ್ಪರ್ಧೆಗೆ ನಮ್ಮ ತಂಡ ಒಂದೂವರೆ ತಿಂಗಳು ಕೂತು ಮಾಡಿದ ಮಾದರಿ ಇತ್ತು. ಹಿಂದಿನ ರಾತ್ರಿ ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಅಂಟು ಸೀಳಿರುವುದು ನನ್ನ ಕಣ್ಣಿಗೆ ಬಿತ್ತು. ಕೂದಲೆಳೆಯಷ್ಟು ಸೀಳು. ಅದನ್ನು ಅಂಟಿಸಿದವನು ನನಗಿಂತ ಎರಡು ವರ್ಷ ದೊಡ್ಡವನು, ಸಾರ್ಜೆಂಟ್ ಪಟ್ಟಿ ಹಾಕಿದವನು, ಒಳ್ಳೆಯವನು. ಅವನ ಕೆಲಸದಲ್ಲಿ ತಪ್ಪಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ದೊಡ್ಡವರ ಎದುರು ಮಾತಾಡಬಾರದೆಂದೇ ಅಲ್ಲವೇ ನಮ್ಮನ್ನು ಬೆಳೆಸುವುದು? ಮರುದಿನ ಮೂರನೇ ಸುತ್ತಿನಲ್ಲಿ ರೆಕ್ಕೆ ಕಳಚಿ, ಮೈ ನೆಲಕ್ಕೆ ಬಡಿದು ಪುಡಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಉಸ್ತಾದರು ಚೂರುಗಳನ್ನು ಎತ್ತಿಕೊಂಡು ಅಂಟಿನ ಜಾಗ ನೋಡಿ, "ಇದು ಯಾರಿಗಾದರೂ ಮೊದಲೇ ಕಂಡಿತ್ತಾ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಕೈ ಎತ್ತಿದೆ. ಅವರು ಬೈಯಲಿಲ್ಲ. ಇದರೊಳಗೆ ಮನುಷ್ಯ ಕೂತಿದ್ದರೆ ಎಂದಷ್ಟೇ ಹೇಳಿ ಸುಮ್ಮನಾದರು.

ಶಿಸ್ತು ಅಂದರೆ ಹೇಳಿದ್ದನ್ನು ಮಾಡಿ ಬಾಯಿ ಮುಚ್ಚಿಕೊಂಡಿರುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹಾರಾಟದ ಲೋಕದಲ್ಲಿ ಅದರ ಅರ್ಥವೇ ಬೇರೆ. ಕಂಡದ್ದನ್ನು ಗಟ್ಟಿಯಾಗಿ ಹೇಳುವುದು, ಕೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುವುದು, ಇದು ಅಲ್ಲಿನ ಶಿಸ್ತು. ನಿಯಂತ್ರಣ ಗೋಪುರದವರು ಪೈಲಟ್‌ಗೆ ರೇಡಿಯೋದಲ್ಲಿ ಒಂದು ಸೂಚನೆ ಕೊಟ್ಟರೆ ಪೈಲಟ್ ಅದನ್ನು ಅಕ್ಷರಶಃ ತಿರುಗಿ ಒಪ್ಪಿಸಬೇಕು. ತಪ್ಪಾಗಿ ಕೇಳಿಸಿದ್ದರೆ ಅಲ್ಲೇ ತಿದ್ದಿಕೊಳ್ಳಬಹುದು.

ಈ ಪಾಠಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ಜೆಟ್‌ಗಳು, ಒಂದು ಡಚ್ಚರದು, ಒಂದು ಅಮೆರಿಕದ್ದು. ಗೋಪುರದ ಮಾತೂ ಅಮೆರಿಕನ್ ವಿಮಾನದವರ ಮಾತೂ ಒಂದೇ ಕ್ಷಣಕ್ಕೆ ಬಂದು ರೇಡಿಯೋದಲ್ಲಿ ಬರಿ ಕೀರಲು ಸದ್ದಾಯಿತು. ಡಚ್ ವಿಮಾನದ ಕ್ಯಾಪ್ಟನ್ ಬಹಳ ಅನುಭವಿ, ದೊಡ್ಡ ಹೆಸರಿನವರು. ಅನುಮತಿ ಸಿಕ್ಕಿತೆಂದುಕೊಂಡು ವಿಮಾನ ಓಡಿಸಿದರು. ಹಿಂದೆ ಕೂತ ಫ್ಲೈಟ್ ಎಂಜಿನಿಯರ್‌ಗೆ ಸಂಶಯ ಬಂತು. ಅಮೆರಿಕನ್ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇನೋ ಎಂದು ಕೇಳಿಯೂ ಕೇಳಿದರು. ಕ್ಯಾಪ್ಟನ್ ಹೋಗಿದೆ ಅಂದರು. ಎಂಜಿನಿಯರ್ ಮತ್ತೆ ಒತ್ತಿ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾದವು. ಸತ್ತವರು 583 ಮಂದಿ. ಆಮೇಲೆ ರೇಡಿಯೋ ಮಾತಿನ ನಿಯಮಗಳನ್ನು ಬಿಗಿ ಮಾಡಿದರು. ವಿಮಾನದೊಳಗೆ ಕಿರಿಯರು ಹಿರಿಯರಿಗೆ ನೇರವಾಗಿ ಹೇಳುವುದನ್ನೂ ಹಿರಿಯರು ಅದನ್ನು ಕಿವಿಗೊಟ್ಟು ಕೇಳುವುದನ್ನೂ ಕಲಿಸುವ ತರಬೇತಿ ಲೋಕದ ಎಲ್ಲ ವಿಮಾನ ಸಂಸ್ಥೆಗಳಿಗೂ ಬಂತು. ಈ ಘಟನೆ ನಡೆದು ಮೂರು ವರ್ಷಕ್ಕೆ ನಮ್ಮ ತರಗತಿಯಲ್ಲಿ ಇದನ್ನು ಹೇಳಿದಾಗ ನನಗೆ ಕಂಡದ್ದು ಆ ಬಾಲ್ಸಾ ರೆಕ್ಕೆಯ ಸೀಳು.

ಮೂರನೇ ವರ್ಷ ಹಾರಲು ನನ್ನ ಸರದಿ ಬಂತು. ಜಕ್ಕೂರು ವಿಮಾನಾಂಗಣ. ಈಗ ಅದರ ಸುತ್ತ ಬೆಂಗಳೂರು ಬೆಳೆದು ಮುತ್ತಿಕೊಂಡಿದೆ, ಆಗ ರಾಗಿ ಹೊಲ, ಕೆರೆ, ದೂರದಲ್ಲಿ ಯಲಹಂಕದ ವಾಯುಪಡೆ ನೆಲೆ. ನಿಂತಿದ್ದುದು ಪುಷ್ಪಕ್ ಎಂಬ ಪುಟ್ಟ ವಿಮಾನ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲೇ ತಯಾರಾದದ್ದು, 1958ರಲ್ಲಿ ಮೊದಲು ಹಾರಿದ ಮಾದರಿ. ಪಕ್ಕಪಕ್ಕದಲ್ಲಿ ಎರಡೇ ಸೀಟು, ಬಟ್ಟೆ ಹೊದಿಸಿದ ರೆಕ್ಕೆ. ಹತ್ತುವ ಮೊದಲು ಬೋಧಕರು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದರು. ಟೈರಿನ ಗಾಳಿ, ಎಣ್ಣೆಯ ಮಟ್ಟ, ಇಂಧನದಲ್ಲಿ ನೀರು ಸೇರಿದೆಯೇ ಎಂದು ತೊಟ್ಟು ಇಳಿಸಿ ನೋಡುವುದು, ಬಾಲದ ಪಟ್ಟಿ ಸಲೀಸಾಗಿ ಆಡುತ್ತದೆಯೇ ಎಂದು ಕೈಯಿಂದ ಆಡಿಸುವುದು. ಪ್ರತಿಯೊಂದನ್ನೂ ಮುಟ್ಟಿ, ಬಾಯಿಬಿಟ್ಟು ಹೇಳಬೇಕು. ಆಮೇಲೆ ಪಂಖವನ್ನು ಕೈಯಿಂದ ತಿರುಗಿಸುವವನು ಮುಂದೆ ಬಂದು ನಿಂತು "ಸ್ವಿಚ್ ಆಫ್" ಎಂದು ಕೂಗಿದ. ಒಳಗಿನಿಂದ ಬೋಧಕರು "ಸ್ವಿಚ್ ಆಫ್" ಎಂದು ತಿರುಗಿ ಕೂಗಿದರು. ಅವನು "ಕಾಂಟ್ಯಾಕ್ಟ್" ಅಂದ. ಇವರೂ "ಕಾಂಟ್ಯಾಕ್ಟ್" ಅಂದರು. ಆ ಒಂದು ಮಾತು ಹಿಂದೆಮುಂದೆ ಆದರೆ ಪಂಖ ಅವನ ಕೈ ಕತ್ತರಿಸುತ್ತದೆ. ಓಡುದಾರಿಯ ಅಂಚಿನಲ್ಲಿ ಒಬ್ಬರು ಎರಡೂ ಕೈ ಎತ್ತಿ ಸನ್ನೆ ಕೊಡುತ್ತಿದ್ದರು: ಮುಂದೆ ಬಾ, ಎಡಕ್ಕೆ ತಿರುಗು, ನಿಲ್ಲು. ನಾನು ಅಪ್ಪನನ್ನೇ ಕಂಡ ಹಾಗಾಯಿತು. ಭದ್ರಾವತಿಯ ಶಾಪಿನಲ್ಲಿ ಕಾದ ಲೋಹದ ತೊಟ್ಟಿಯ ಕೆಳಗೆ ಹಾಗೆಯೇ ಕೈ ಎತ್ತಿ ನಿಲ್ಲುತ್ತಿದ್ದವರು ಅವರು.

ಇಪ್ಪತ್ತು ನಿಮಿಷದ ಹಾರಾಟ. ಜಕ್ಕೂರು ಕೆರೆ ಅಂಗೈಯಷ್ಟಾಯಿತು. ಬೋಧಕರು ನನ್ನ ಕಡೆ ತಿರುಗಿ, ಏನು ಕಾಣುತ್ತಿದೆ ಹೇಳುತ್ತಾ ಹೋಗು ಅಂದರು. ಕೆರೆ, ರೈಲುದಾರಿ, ಬಲಗಡೆ ಹೊಗೆ, ಹೊಗೆ ವಾಲಿದ ದಿಕ್ಕು. ನಾನು ಹೇಳುತ್ತಲೇ ಹೋದೆ. ನಾನು ಪೈಲಟ್ ಆಗಲಿಲ್ಲ. ಮುಂದೆ ವಿಮಾನವನ್ನು ಓಡಿಸಲೂ ಇಲ್ಲ. ಆದರೆ ಅಂದು ಹೇಳುತ್ತಾ ಹೋದವನು ಮತ್ತೆ ಯಾವತ್ತೂ ಕಂಡದ್ದನ್ನು ನುಂಗಿಕೊಂಡು ಕೂತಿಲ್ಲ. ಪ್ರಯೋಗಾಲಯದಲ್ಲಿ ಸಡಿಲವಾದ ತಂತಿ ಕಂಡಾಗ, ಸಭೆಯಲ್ಲಿ ಲೆಕ್ಕ ತಪ್ಪಾಗಿ ಕಂಡಾಗ ಎದ್ದು ನಿಂತು ಹೇಳಿದ್ದೇನೆ. ಓಲ್ಡ್ ಟೌನಿನ ನಾಚಿಕೆಯ ಹುಡುಗನಿಗೆ ಇದು ಸಣ್ಣ ಲಾಭವೇ?

ಅಪ್ಪನಿಗೆ ಈ ಕತೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಸನ್ನೆ ಕೊಡುವವನಿಗೆ ಸಂಶಯ ಬಂದರೆ ಮುಷ್ಟಿ ಹಿಡಿಯಬೇಕು, ಮೇಲಿರುವವನು ಎಂಥ ದೊಡ್ಡವನಾದರೂ ಕ್ರೇನ್ ನಿಲ್ಲಿಸಬೇಕು ಅಂದರು. ನಮ್ಮೂರಿನ ಕಾರ್ಮಿಕರಿಗೆ, ಕನ್ನಡ, ತಮಿಳು, ತೆಲುಗು, ಉರ್ದು ಆಡುತ್ತಾ ಒಂದೇ ಶಾಪಿನಲ್ಲಿ ದುಡಿದವರಿಗೆ ಈ ವಿದ್ಯೆ ಮೊದಲಿನಿಂದಲೂ ಗೊತ್ತು. 1923ರಲ್ಲಿ ಕಬ್ಬಿಣ ಇಳಿಸಲು ತೊಡಗಿದ ಕಾರ್ಖಾನೆಯ ಊರು ಇದು. ಯಂತ್ರದ ಜೊತೆ ಹೇಗೆ ಬಾಳಬೇಕೆಂಬ ಅರಿವು ನಮ್ಮ ಮನೆಗಳಲ್ಲೇ ಇದೆ. ಆ ಕಾರ್ಖಾನೆ ಈಗ ಹಿಂದಿನಂತಿಲ್ಲ, ಊರಿನ ಕಾಗದದ ಕಾರ್ಖಾನೆಯೂ ಬಾಗಿಲು ಹಾಕಿತು. ಅಪ್ಪನ ಕೆಲಸ ಮಗನಿಗೆ ಎನ್ನುವ ಕಾಲ ಹೋಯಿತು. ಆದರೆ ಅಪ್ಪನ ಅರಿವು ಮಗನಿಗೆ, ಮಗಳಿಗೆ ಬರಬಹುದಲ್ಲ.

ಈಗ ಲೋಕ ಬಹಳ ಮುಂದೆ ಬಂದಿದೆ. ಪುಷ್ಪಕ್ ಹೋಗಿ ಮೈಕ್ರೋಲೈಟ್ ವಿಮಾನಗಳು ಬಂದವು. 2015ರಲ್ಲಿ ರಕ್ಷಣಾ ಇಲಾಖೆ ಸ್ಲೊವೇನಿಯಾ ದೇಶದ ಪಿಪಿಸ್ಟ್ರೆಲ್ ಕಂಪನಿಯಿಂದ ವೈರಸ್ ಎಂಬ ಹೆಸರಿನ 194 ಹಗುರ ವಿಮಾನಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಅದರಲ್ಲಿ 110 ಎನ್‌ಸಿಸಿಗೆ. 80 ಅಶ್ವಶಕ್ತಿಯ ಎಂಜಿನ್, ಪಕ್ಕಪಕ್ಕದ ಎರಡು ಸೀಟು. ಅವೇ ಇಂದು ಕೆಡೆಟ್‌ಗಳನ್ನು ಆಕಾಶಕ್ಕೆ ಒಯ್ಯುತ್ತಿವೆ. ಪ್ರತಿವರ್ಷ ಅಖಿಲ ಭಾರತ ವಾಯು ಸೈನಿಕ ಶಿಬಿರ ನಡೆಯುತ್ತದೆ. ಹಾರಾಟ, ಏರೋಮಾಡೆಲಿಂಗ್, ಗುಂಡು ಹಾರಿಸುವುದು, ಕವಾಯತು ಎಲ್ಲದರಲ್ಲೂ ರಾಜ್ಯಗಳ ನಡುವೆ ಸ್ಪರ್ಧೆ. ಹೈದರಾಬಾದ್ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಗೆ ಹೋಗಿ ಅಲ್ಲಿನ ತರಬೇತಿಯನ್ನು ಕಣ್ಣಾರೆ ಕಾಣುವ ಅವಕಾಶವೂ ಕೆಲವರಿಗೆ ಸಿಗುತ್ತದೆ.

ಸರ್ಟಿಫಿಕೇಟಿನ ಮಾತು. ಹೈಸ್ಕೂಲು ಮಕ್ಕಳ ಜೂನಿಯರ್ ವಿಭಾಗದಲ್ಲಿ ಎರಡು ವರ್ಷ ಮುಗಿಸಿ ಪರೀಕ್ಷೆ ಪಾಸಾದರೆ 'ಎ', ಕಾಲೇಜಿನ ಸೀನಿಯರ್ ವಿಭಾಗದಲ್ಲಿ ಎರಡು ವರ್ಷಕ್ಕೆ 'ಬಿ', ಮೂರನೇ ವರ್ಷಕ್ಕೆ 'ಸಿ'. ಪರೇಡಿಗೆ ನೂರಕ್ಕೆ ಎಪ್ಪತ್ತೈದು ಹಾಜರಿ ಇರಬೇಕು, ಶಿಬಿರಕ್ಕೆ ಹೋಗಿರಬೇಕು. ಏರ್ ವಿಂಗ್‌ನ 'ಸಿ' ಸರ್ಟಿಫಿಕೇಟ್ ಇರುವ ಪದವೀಧರರು ವಾಯುಪಡೆಯ ಹಾರಾಟ ಶಾಖೆಗೆ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಕರೆ ಬರುತ್ತದೆ. ಅಗ್ನಿವೀರ ನೇಮಕಾತಿಯಲ್ಲಿ ಎನ್‌ಸಿಸಿ ಮಕ್ಕಳಿಗೆ ಹೆಚ್ಚುವರಿ ಅಂಕವಿದೆ. ನಮ್ಮ ರಾಜ್ಯದ ಸಿಇಟಿಯಲ್ಲಿ ವೃತ್ತಿಶಿಕ್ಷಣದ ಸೀಟುಗಳಿಗೆ ಎನ್‌ಸಿಸಿ ವಿಶೇಷ ವರ್ಗವಿದೆ. 2021ರಲ್ಲಿ ಯುಜಿಸಿ, ಪದವಿಯಲ್ಲಿ ಎನ್‌ಸಿಸಿಯನ್ನು ಐಚ್ಛಿಕ ವಿಷಯವಾಗಿ ಓದಲು ಅವಕಾಶ ಕೊಡಿ ಎಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಇವೆಲ್ಲ ಒಳ್ಳೆಯವೇ. ಆದರೆ ಇವುಗಳಿಗಾಗಿ ಮಾತ್ರ ಸೇರಿದ ಮಕ್ಕಳು ನಡುವೆ ಬಿಟ್ಟುಹೋಗುವುದನ್ನು ನಾನು ನೋಡಿದ್ದೇನೆ. ಬೆಳಗಿನ ಐದೂವರೆಗೆ ಎಬ್ಬಿಸುವ ಶಕ್ತಿ ಅಂಕಕ್ಕೆ ಇಲ್ಲ. ಇನ್ನೂ ಒಂದು ಮಾತು: ಎನ್‌ಸಿಸಿಯ ಹಾರಾಟದಿಂದ ಪೈಲಟ್ ಪರವಾನಗಿ ಸಿಗುವುದಿಲ್ಲ, ಎಲ್ಲ ಕೆಡೆಟ್‌ಗಳಿಗೂ ಹಾರಾಟ ಸಿಗುತ್ತದೆಂಬ ಭರವಸೆಯೂ ಇಲ್ಲ. ಮಕ್ಕಳಿಗೆ ಇದನ್ನು ಮರೆಮಾಚಬೇಡಿ.

ವಿಮಾನ ಅಂದರೆ ಪೈಲಟ್ ಒಬ್ಬನೇ ಎಂಬ ತಪ್ಪುಕಲ್ಪನೆ ನಮ್ಮಲ್ಲಿ ಬಲವಾಗಿದೆ. ಒಂದು ವಿಮಾನ ಸೋಗಾನೆಯಲ್ಲಿ ಇಳಿಯಬೇಕಾದರೆ ಹವಾಮಾನ ನೋಡುವವರು, ಸಂಚಾರ ನಿಯಂತ್ರಿಸುವವರು, ಎಂಜಿನ್ ಪರೀಕ್ಷಿಸಿ ಸಹಿ ಹಾಕುವ ಪರವಾನಗಿಯ ಎಂಜಿನಿಯರು, ಅಗ್ನಿಶಾಮಕದವರು ಎಲ್ಲರೂ ಎಚ್ಚರವಾಗಿರಬೇಕು. ಬೆಂಗಳೂರಿನಲ್ಲಿ 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಹುಟ್ಟಿದ ಎಚ್‌ಎಎಲ್ ಇದೆ, ಹಂಸ ಎಂಬ ತರಬೇತಿ ವಿಮಾನ ರೂಪಿಸಿದ ಎನ್‌ಎಎಲ್ ಇದೆ. ದೂರ ಹೋಗುವುದೇ ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಗಾಲದಲ್ಲಿ ಅಡಿಕೆ ಮರ ಹತ್ತುವವರು ಸಿಗದೆ ನಮ್ಮ ತೋಟದವರು ಪಡುವ ಪಾಡು ಯಾರಿಗೆ ತಿಳಿಯದು? ಡ್ರೋನ್ ಮೂಲಕ ಸಿಂಪಡಿಸುವ ಪ್ರಯೋಗಗಳು ನಡೆದಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹತ್ತನೇ ತರಗತಿ ಪಾಸಾದ, ಹದಿನೆಂಟು ತುಂಬಿದವರು ತರಬೇತಿ ಪಡೆದು ಡ್ರೋನ್ ಹಾರಿಸುವ ಪ್ರಮಾಣಪತ್ರ ಪಡೆಯಬಹುದು. ಬಾಲ್ಸಾ ಕತ್ತರಿಸಿ ಮಾದರಿ ಹಾರಿಸಿದ ಮಕ್ಕಳಿಗೆ ಇದು ಕೈಗೆಟುಕುವ ವಿದ್ಯೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಮಹಿಳೆಯರು ಮೊದಲು ಸೇರಿದ್ದು 2016ರಲ್ಲಿ. ಎರಡೇ ವರ್ಷಕ್ಕೆ, 2018ರಲ್ಲಿ, ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ದುಂಡಿಗಲ್‌ನಿಂದ ಅಧಿಕಾರಿಯಾಗಿ ಹೊರಬಂದು ಫೈಟರ್ ಪೈಲಟ್ ಹಾದಿ ಹಿಡಿದರು. ದಕ್ಷಿಣ ಭಾರತದ ಮೊದಲಿಗರೆಂದು ಪತ್ರಿಕೆಗಳು ಬರೆದವು. ಮಲೆನಾಡಿನ ಹುಡುಗಿಗೆ ಆಕಾಶ ದೂರವಿಲ್ಲ. ಶಿಬಿರಕ್ಕೆ ಹತ್ತು ದಿನ ಕಳಿಸುವುದು ಹೇಗೆ ಎಂಬ ಅಳುಕು ಸಹಜ. ಅಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆ. ಹತ್ತು ದಿನ ತನ್ನ ತಟ್ಟೆ ತಾನೇ ತೊಳೆದು, ತನ್ನ ಹಾಸಿಗೆ ತಾನೇ ಮಡಿಚಿ, ಬೇರೆ ಊರಿನ ಬೇರೆ ಮಾತಿನ ಹುಡುಗಿಯರ ಜೊತೆ ಮಲಗೆದ್ದು ಬಂದ ಮಗಳು ಮನೆಗೆ ಬಂದಾಗ ಹೇಗೆ ನಿಲ್ಲುತ್ತಾಳೆ ಎನ್ನುವುದನ್ನು ಒಮ್ಮೆ ನೋಡಿ.

ಎದುರು ಮನೆಯ ಹುಡುಗಿಗೆ ನಾನು ಆಮೇಲೆ ಇದನ್ನೆಲ್ಲ ಹೇಳಿದೆ. ಅವಳ ತಾಯಿಯೂ ಬಾಗಿಲಲ್ಲಿ ನಿಂತು ಕೇಳಿದರು. ನಿಮಗೂ ಹೇಳುವುದು ಇಷ್ಟೇ. ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ಎನ್‌ಸಿಸಿ ಆಯ್ಕೆ ನಡೆಯುತ್ತದೆ, ಸೂಚನಾಫಲಕ ನೋಡಿ. ಎನ್‌ಸಿಸಿ ಹೊಣೆ ಹೊತ್ತ ಅಧ್ಯಾಪಕರು ಪ್ರತಿ ಘಟಕಕ್ಕೂ ಇರುತ್ತಾರೆ, ಅವರನ್ನು ಕಂಡು ಮಾತಾಡಿ. ಪದವಿಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗುವ ಮಕ್ಕಳು, ಸೇರುವ ಕಾಲೇಜಿನಲ್ಲಿ ಏರ್ ವಿಂಗ್ ಇದೆಯೇ ಎಂದು ಮೊದಲೇ ವಿಚಾರಿಸಿ. ಊರಿನಲ್ಲೇ ಓದುವವರು ಆರ್ಮಿ ವಿಂಗ್ ಇದ್ದರೆ ಅದನ್ನೇ ಸೇರಿ, ಕಲಿಯುವುದಕ್ಕೆ ಅಲ್ಲೂ ಬೇಕಾದಷ್ಟಿದೆ. ಮೂರು ಕಿಲೋಮೀಟರು ಮೀರಿದ ರನ್‌ವೇ ಇರುವ ಜಿಲ್ಲೆಯ ಕಾಲೇಜುಗಳಲ್ಲಿ ತಿಳಿನೀಲಿ ಸಮವಸ್ತ್ರ ಹೆಚ್ಚಾಗಿ ಕಾಣಬೇಕೆಂದು ಪ್ರಾಂಶುಪಾಲರನ್ನೂ ಜನಪ್ರತಿನಿಧಿಗಳನ್ನೂ ನಾವೆಲ್ಲ ಒತ್ತಾಯಿಸಿ ಕೇಳಬೇಕು. ಸಮವಸ್ತ್ರ ಸರ್ಕಾರದ್ದು, ಶಿಬಿರದ ಊಟ ಸರ್ಕಾರದ್ದು. ಮನೆಯಿಂದ ಬೇಕಾದದ್ದು ಅರ್ಜಿಯ ಮೇಲೆ ಪೋಷಕರ ಒಂದು ಸಹಿ. ನಿಮ್ಮ ಮಗನೋ ಮಗಳೋ ಆ ಹಾಳೆ ಹಿಡಿದು ಬಂದಾಗ, ದಯವಿಟ್ಟು ಸಹಿ ಹಾಕಿ ಕೊಡಿ.